ಕೆಲಸವನ್ನು ಬಿಡಿಸಿ ನೋಡಿದ ಲಿಲಿಯನ್ ಗಿಲ್‌ಬ್ರೆತ್: 11 ಮಕ್ಕಳ ತಾಯಿ ಕಾರ್ಖಾನೆಗಳಿಗೆ ಕಲಿಸಿದ್ದೇನು?

1924ರ ಜೂನ್ 14. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮಾಂಟ್‌ಕ್ಲೇರ್ ರೈಲು ನಿಲ್ದಾಣದಿಂದ ಮನೆಗೆ ಫೋನ್ ಮಾಡಿದ್ದ ಫ್ರಾಂಕ್ ಗಿಲ್‌ಬ್ರೆತ್, ಮಾತಿನ ಮಧ್ಯೆಯೇ ಹೃದಯಾಘಾತದಿಂದ ಕುಸಿದು ಕೊನೆಯುಸಿರೆಳೆದರು. ಪತ್ನಿ ಲಿಲಿಯನ್‌ಗೆ ಆಗ 46 ವರ್ಷ. ಮನೆಯಲ್ಲಿ 11 ಮಕ್ಕಳು. ದಂಪತಿ ನಡೆಸುತ್ತಿದ್ದ ಸಲಹಾ ಸಂಸ್ಥೆಯೇ ಸಂಸಾರಕ್ಕೆ ಆಧಾರ. ಆದರೆ ಫ್ರಾಂಕ್ ಇಲ್ಲವಾದ ಮೇಲೆ ಹಲವು ಕಂಪನಿಗಳು ಒಪ್ಪಂದ ಮುಂದುವರಿಸಲಿಲ್ಲ. ಕಾರ್ಖಾನೆಯ ಕೆಲಸದ ಬಗ್ಗೆ ಹೆಣ್ಣೊಬ್ಬಳಿಂದ ಸಲಹೆ ಪಡೆಯಲು ಅವು ಸಿದ್ಧವಿರಲಿಲ್ಲ.

ಇಂದು ಎಚ್‌ಆರ್ ವಿಭಾಗಗಳು ಜಾಬ್ ಅನಾಲಿಸಿಸ್, ಜಾಬ್ ಡಿಸೈನ್ ಎಂದು ಕರೆಯುವ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಈ ಲಿಲಿಯನ್ ಕೂಡ ಒಬ್ಬರು. ಒಂದು ಕೆಲಸದಲ್ಲಿ ಏನೇನು ಅಡಗಿದೆ ಎಂದು ಬಿಡಿಸಿ ನೋಡುವುದು ಉದ್ಯೋಗ ವಿಶ್ಲೇಷಣೆ. ಮಾಡುವವರಿಗೆ ಹೊಂದುವಂತೆ ಅದನ್ನು ಮತ್ತೆ ಜೋಡಿಸುವುದು ಉದ್ಯೋಗ ವಿನ್ಯಾಸ.

ಇಟ್ಟಿಗೆಯಿಂದ ಶುರುವಾದ ಪಾಠ

ಲಿಲಿಯನ್ ಹುಟ್ಟಿದ್ದು 1878ರ ಮೇ 24ರಂದು, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ. ಓದಿದ್ದು ಸಾಹಿತ್ಯ. 1904ರಲ್ಲಿ ಮದುವೆಯಾದ ಫ್ರಾಂಕ್ ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ಇಟ್ಟಿಗೆ ಕಟ್ಟುವ ಕೆಲಸ ಕಲಿತು ಗುತ್ತಿಗೆದಾರರಾಗಿ ಬೆಳೆದವರು. ಒಬ್ಬ ಗಾರೆ ಕೆಲಸದವನು ಮಾಡಿದಂತೆ ಇನ್ನೊಬ್ಬ ಮಾಡುವುದಿಲ್ಲ ಎಂಬುದನ್ನು ಅವರು ಕಲಿಯುವಾಗಲೇ ಗಮನಿಸಿದ್ದರು. ಪ್ರತಿ ಇಟ್ಟಿಗೆಗೂ ಕೆಲಸಗಾರ ನೆಲದವರೆಗೆ ಬಾಗಿ ಏಳಬೇಕಿತ್ತು. ಇಟ್ಟಿಗೆ, ಗಾರೆ ಎರಡೂ ಸೊಂಟದ ಮಟ್ಟದಲ್ಲೇ ಕೈಗೆ ಸಿಗುವಂತೆ ಅಟ್ಟಣಿಗೆ ರೂಪಿಸಿದಾಗ 18 ಚಲನೆಗಳ ಕೆಲಸ 5ಕ್ಕೆ ಇಳಿಯಿತು. ಬದಲಾಗಿದ್ದು ಕೆಲಸಗಾರನಲ್ಲ, ಕೆಲಸದ ಜೋಡಣೆ.

ಮುಂದೆ ದಂಪತಿ ಕಾರ್ಖಾನೆಗಳಿಗೆ ಸಿನಿಮಾ ಕ್ಯಾಮೆರಾ ಒಯ್ದರು. ಗಡಿಯಾರವನ್ನೂ ಚೌಕಟ್ಟಿನೊಳಗೆ ಇಟ್ಟು ಕೈಗಳ ಚಲನೆ ಚಿತ್ರೀಕರಿಸಿದರು. ಹುಡುಕು, ಹಿಡಿ, ಸಾಗಿಸು, ಬಿಡು ಎಂಬಂಥ ಮೂಲ ಚಲನೆಗಳಾಗಿ ಕೆಲಸವನ್ನು ಒಡೆದರು. ಇವುಗಳಿಗೆ ತಮ್ಮ ಹೆಸರನ್ನೇ ತಿರುಗಿಸಿ ಥರ್ಬ್ಲಿಗ್ ಎಂದು ಹೆಸರಿಟ್ಟರು.

ಮರೆಯಾದ ಹೆಸರು

ಆ ಕಾಲದಲ್ಲಿ ಫ್ರೆಡರಿಕ್ ಟೇಲರ್ ಅವರ ಸ್ಟಾಪ್‌ವಾಚ್ ಪದ್ಧತಿ ಕಾರ್ಮಿಕರ ಸಿಟ್ಟಿಗೆ ಕಾರಣವಾಗಿತ್ತು. 1911ರಲ್ಲಿ ವಾಟರ್‌ಟೌನ್ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಮುಷ್ಕರವೇ ನಡೆಯಿತು. ಲಿಲಿಯನ್ ನೋಟ ಬೇರೆಯಿತ್ತು. ಸಮಯದ ಜೊತೆಗೆ ಆಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಕೆಲಸ ಮಾಡುವವರ ಮನಸ್ಸನ್ನೂ ಅರಿಯಬೇಕು ಎಂಬುದು ಅವರ ವಾದ. ಕುರ್ಚಿಯ ಎತ್ತರ, ಬೆಳಕು, ವಿಶ್ರಾಂತಿಯ ಬಿಡುವು ಎಲ್ಲವೂ ಅವರ ಅಧ್ಯಯನಕ್ಕೆ ಸೇರಿದವು. ಆದರೂ ಇಂಥ ಅಳತೆಗಳು ದುಡಿಮೆಯ ವೇಗ ಹೆಚ್ಚಿಸುವ ಉಪಾಯ ಎಂಬ ಕಾರ್ಮಿಕ ಸಂಘಗಳ ಅನುಮಾನ ಪೂರ್ತಿ ಹೋಗಲಿಲ್ಲ.

ನಿರ್ವಹಣೆಯ ಮನಃಶಾಸ್ತ್ರದ ಕುರಿತ ಅವರ ಪುಸ್ತಕ 1914ರಲ್ಲಿ ಬಂತು. ಲೇಖಕಿ ಹೆಣ್ಣು ಎಂದು ತಿಳಿಯದಂತೆ ಎಲ್.ಎಂ. ಗಿಲ್‌ಬ್ರೆತ್ ಎಂದಷ್ಟೇ ಮುದ್ರಿಸಲಾಯಿತು. ಮರುವರ್ಷ ಬ್ರೌನ್ ವಿಶ್ವವಿದ್ಯಾಲಯದಿಂದ ಅವರು ಪಿಎಚ್‌ಡಿ ಪಡೆದರು.

ಅಡುಗೆಮನೆಯೂ ಕಾರ್ಯಾಗಾರ

ಪತಿ ತೀರಿಹೋದ ಕೆಲವೇ ದಿನಗಳಲ್ಲಿ ಲಿಲಿಯನ್ ಹಡಗು ಹತ್ತಿದರು. ಯುರೋಪಿನ ಸಮ್ಮೇಳನಗಳಿಗೆ ಫ್ರಾಂಕ್ ಹೋಗಬೇಕಿತ್ತು, ಅವರ ಜಾಗದಲ್ಲಿ ಇವರೇ ಮಾತನಾಡಿದರು. ಮರಳಿದ ಬಳಿಕ ಮನೆಯಲ್ಲೇ ಕಂಪನಿಗಳ ವ್ಯವಸ್ಥಾಪಕರಿಗೆ ತರಬೇತಿ ಆರಂಭಿಸಿದರು. ಕಾರ್ಖಾನೆಗಳ ಬಾಗಿಲು ಮುಚ್ಚಿದಲ್ಲಿ, ಹೆಂಗಸರಿಗೇ ಗೊತ್ತು ಎಂದು ಉದ್ಯಮಗಳು ಒಪ್ಪುತ್ತಿದ್ದ ಕ್ಷೇತ್ರವನ್ನು ಹಿಡಿದರು. ಅದೇ ಅಡುಗೆಮನೆ.

ವಿಶೇಷವೆಂದರೆ, ಅಡುಗೆ ಅವರಿಗೆ ಒಲಿದ ಕಲೆಯೇನಲ್ಲ. ಅವರು ನೋಡಿದ್ದು ಹೆಜ್ಜೆಗಳನ್ನು. ಒಲೆ, ಸಿಂಕ್, ಸಾಮಾನಿನ ಕಪಾಟುಗಳನ್ನು ಹತ್ತಿರ ತಂದು, ಕಟ್ಟೆಯನ್ನು ನಿಲ್ಲುವವರ ಎತ್ತರಕ್ಕೆ ಹೊಂದಿಸಿದರು. ಒಂದು ಪರೀಕ್ಷೆಯಲ್ಲಿ ಕೇಕ್ ತಯಾರಿಗೆ ಹಾಕಬೇಕಿದ್ದ 281 ಹೆಜ್ಜೆಗಳು 45ಕ್ಕೆ ಇಳಿದವು. ಮುಂದೆ ಹೃದ್ರೋಗ ಇರುವ ಹೆಂಗಸರಿಗೆ ಶ್ರಮ ತಗ್ಗಿಸುವ ಅಡುಗೆಮನೆಗಳ ವಿನ್ಯಾಸಕ್ಕೂ ಕೈಹಾಕಿದರು. ಸಂಬಳವಿಲ್ಲದ ಮನೆಗೆಲಸವನ್ನೂ ಕೆಲಸವೆಂದೇ ಗಣಿಸಿ ವಿಶ್ಲೇಷಿಸಿದ್ದು ಅವರ ದೊಡ್ಡ ಕೊಡುಗೆ.

ತಡವಾಗಿ ತೆರೆದ ಬಾಗಿಲು

1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕಿಯಾಗಿ ಕರೆಯಿತು. 1965ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ ಎನಿಸಿಕೊಂಡರು. 1972ರ ಜನವರಿ 2ರಂದು ನಿಧನರಾದಾಗ ಅವರಿಗೆ 93 ವರ್ಷ. 1984ರಲ್ಲಿ ಅಮೆರಿಕ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು.

ಕೆಲಸದ ಪ್ರತಿ ನಿಮಿಷವನ್ನೂ ಸಾಫ್ಟ್‌ವೇರ್ ಅಳೆಯುವ ಕಾಲವಿದು. ಅಳತೆಯ ಸಾಧನ ಲಿಲಿಯನ್ ಕಾಲಕ್ಕಿಂತ ಸಾವಿರ ಪಟ್ಟು ಚುರುಕಾಗಿದೆ. ಆದರೆ ಅಳೆದ ಮೇಲೆ ತಗ್ಗಿದ್ದು ಯಾರ ದಣಿವು, ಉಳಿದ ಸಮಯ ಯಾರ ಪಾಲಾಯಿತು ಎಂದು ಕೇಳುವ ಅವರ ದೃಷ್ಟಿ ಮಾತ್ರ ಹಳೆಯದಾಗಿಲ್ಲ.