ದೇವುಡು ಅವರ ಮೂರನೆಯ ಮಹಾಕೃತಿ
ಮೈಸೂರಿನ ವೈದಿಕ ಮನೆತನದಲ್ಲಿ ಹುಟ್ಟಿದ ದೇವುಡು ನರಸಿಂಹಶಾಸ್ತ್ರಿಗಳು ಸಂಸ್ಕೃತವನ್ನೂ ದರ್ಶನಗಳನ್ನೂ ಓದಿ ಎಂ.ಎ. ಆದವರು. ನಟಿಸಿದರು, ಮಕ್ಕಳಿಗೆ ಬರೆದರು, ಮೀಮಾಂಸೆಯನ್ನು ಕನ್ನಡಕ್ಕೆ ತಂದರು. ಹೆಸರು ನಿಂತದ್ದು ಮಾತ್ರ ಮೂರು ಪೌರಾಣಿಕ ಕಾದಂಬರಿಗಳಿಂದ. ‘ಮಹಾಬ್ರಾಹ್ಮಣ’ದ ವಿಶ್ವಾಮಿತ್ರನ ತಪಸ್ಸು ಲೋಕವನ್ನೇ ಸುಡಬಲ್ಲುದು, ‘ಮಹಾಕ್ಷತ್ರಿಯ’ದ ನಹುಷನು ಇಂದ್ರಪದವಿಗೇರುತ್ತಾನೆ. ಸಿರುಗುಪ್ಪ, ಕುರುಗೋಡುಗಳಿಂದ ಬಳ್ಳಾರಿಯ ನನ್ನ ತರಗತಿಗೆ ಬರುವ ವಿದ್ಯಾರ್ಥಿಗಳು ಇವೆರಡನ್ನೂ ಒಂದೇ ಉಸಿರಿಗೆ ಓದುತ್ತಾರೆ. ಯಾಜ್ಞವಲ್ಕ್ಯನ ‘ಮಹಾದರ್ಶನ’ಕ್ಕೆ ಬಂದೊಡನೆ ತಡವರಿಸುತ್ತಾರೆ. ಅವನೇನು ನಿರುಪದ್ರವಿಯೇ? ಜನಕನ ಸಭೆಯಲ್ಲಿ ಅವನ ಎಚ್ಚರಿಕೆಯಂತೆ ಶಾಕಲ್ಯನ ತಲೆ ಉರುಳಿತೆಂದು ಉಪನಿಷತ್ತು ಹೇಳುತ್ತದೆ. ಅಂಥವನು ಆಸ್ತಿಯನ್ನು ಮಡದಿಯರಿಗೆ ಬಿಟ್ಟು ಹೊರಡಬಯಸುತ್ತಾನೆ. ಗಳಿಸುವುದು ಕಥೆ, ಬಿಡುವುದೂ ಕಥೆಯೇ ಎಂದು ಹುಡುಗರು ಕೇಳುತ್ತಾರೆ. ನನಗಂತೂ ಮೂರರಲ್ಲಿ ಇದೇ ಹಿರಿದು. ದೇವುಡು 1962ರಲ್ಲಿ ತೀರಿಕೊಂಡರು. ‘ಮಹಾಕ್ಷತ್ರಿಯ’ಕ್ಕೆ ಆ ವರ್ಷದ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಾಗ ಅದನ್ನು ಸ್ವೀಕರಿಸಲು ಅವರಿರಲಿಲ್ಲ.