ಒಂದೇ ತಂತಿಗೆ ಸರದಿ ಕಲಿಸಿದ ಎಮಿಲ್ ಬೋಡೋ

ದೂರವಾಣಿ ತಂತಿಯ ಮೂಲಕವೇ ಅಂತರಜಾಲ ಪ್ರವೇಶಿಸುತ್ತಿದ್ದ ದಿನಗಳಲ್ಲಿ ಮೋಡೆಮ್ ಕೊಂಡವರಿಗೆ 'ಬಾಡ್' ಎಂಬ ಪದ ಪರಿಚಿತ. ಸಂಕೇತಗಳ ವೇಗವನ್ನು ಅಳೆಯುವ ಈ ಮಾನಕ್ಕೆ ಫ್ರಾನ್ಸಿನ ತಂತಿ ಇಲಾಖೆಯ ನೌಕರರೊಬ್ಬರ ಹೆಸರಿಟ್ಟಿರುವುದು ಹೆಚ್ಚಿನವರಿಗೆ ತಿಳಿಯದು.

ಎಮಿಲ್ ಬೋಡೋ ಜನಿಸಿದ್ದು 1845ರಲ್ಲಿ, ಮಾನ್ಯೋ ಗ್ರಾಮದ ರೈತ ಕುಟುಂಬವೊಂದರಲ್ಲಿ. ಪ್ರಾಥಮಿಕ ಶಿಕ್ಷಣಕ್ಕೇ ಓದು ನಿಂತಿತು. ಹೊಲದ ದುಡಿಮೆಯಿಂದ ಅವರು ತಂತಿ ಇಲಾಖೆಗೆ ಬಂದಾಗ ಅಲ್ಲಿದ್ದ ಸಮಸ್ಯೆ ಸರಳವಾದರೂ ದುಬಾರಿಯಾದುದು. ಎಷ್ಟೇ ನುರಿತ ನೌಕರನಾದರೂ ಎರಡು ಬಡಿತಗಳ ನಡುವೆ ತಂತಿ ಬರಿದೆ ಬಿದ್ದಿರುತ್ತಿತ್ತು. ಸಂದೇಶಗಳು ಹೆಚ್ಚಿದಂತೆ ಹೊಸ ತಂತಿ ಎಳೆಯಬೇಕಿತ್ತು.

ಬರಿದಾಗಿ ಕಳೆಯುವ ಆ ಕ್ಷಣಗಳನ್ನು ಇತರರಿಗೆ ಹಂಚುವ ವ್ಯವಸ್ಥೆಗೆ ಬೋಡೋ 1874ರಲ್ಲಿ ಪೇಟೆಂಟ್ ಪಡೆದರು. ತಂತಿಯ ಎರಡೂ ತುದಿಗಳಲ್ಲಿ ಏಕಗತಿಯಲ್ಲಿ ತಿರುಗುವ ಕುಂಚಗಳು ಪ್ರತಿ ನೌಕರನಿಗೂ ಸರದಿಯಂತೆ ತಂತಿಯನ್ನು ಒಪ್ಪಿಸುತ್ತಿದ್ದವು. ಕೆಲವು ಸರದಿಗಳು ಕೇಂದ್ರ ಕಚೇರಿಯಿಂದ ದೂರದ ಊರಿಗೆ, ಕೆಲವು ಅಲ್ಲಿಂದ ಕೇಂದ್ರಕ್ಕೆ. ಗತಿ ತಪ್ಪದಿರಲೆಂದು ಒಂದು ತುದಿಯಿಂದ ಮತ್ತೊಂದಕ್ಕೆ ತಿದ್ದುಪಡಿಯ ಸಂಕೇತವೂ ಹೋಗುತ್ತಿತ್ತು. ಪ್ರತಿ ಅಕ್ಷರಕ್ಕೂ ಸಮಾನ ಅವಧಿಯ ಐದು ಘಟಕಗಳು, ಅದಕ್ಕೆ ಐದೇ ಕೀಲಿಗಳು. ಆದರೆ ಯಂತ್ರ 'ಟಿಕ್' ಎಂದಾಗಲೇ ಬೆರಳೊತ್ತಬೇಕು. ನಿಮಿಷಕ್ಕೆ ಸುಮಾರು 30 ಪದಗಳ ಆ ತಾಳ ತಪ್ಪಿದರೆ ಅಕ್ಷರ ಕೆಟ್ಟಿತು. ತಂತಿಯ ಬಿಡುವನ್ನು ಕಸಿದ ಯಂತ್ರ, ನೌಕರನ ಬಿಡುವನ್ನೂ ಕಸಿಯಿತೆನ್ನಬೇಕು.

1877ರಲ್ಲಿ ಪ್ಯಾರಿಸ್–ಬೋರ್ಡೋ ಮಾರ್ಗದಲ್ಲಿ ಈ ವ್ಯವಸ್ಥೆ ಬಳಕೆಗೆ ಬಂತು. ಅದೇ ವರ್ಷ ಲೂಯಿ ವಿಕ್ಟರ್ ಮಿಮೋ ಎಂಬವರು ಪೇಟೆಂಟ್ ಉಲ್ಲಂಘನೆಯ ಆರೋಪ ಹೊರಿಸಿ ನ್ಯಾಯಾಲಯದ ಮೆಟ್ಟಿಲೇರಿದರು. 1878ರ ಪ್ಯಾರಿಸ್ ವಿಶ್ವ ವಸ್ತುಪ್ರದರ್ಶನ ಬೋಡೋ ಅವರಿಗೆ ಚಿನ್ನದ ಪದಕ ನೀಡಿತು. ಇಲಾಖೆ ಮಾತ್ರ ಸ್ವಂತ ಸಮಯದಲ್ಲಿ ಸಂಶೋಧನೆ ನಡೆಸಲು ಹುರಿದುಂಬಿಸಿತೇ ವಿನಾ ಹಣದ ವಿಷಯದಲ್ಲಿ ಕೈ ಬಿಗಿಹಿಡಿಯಿತು. ಪ್ರಯೋಗಗಳ ಖರ್ಚಿಗಾಗಿ 1880ರಲ್ಲಿ ಅವರು ಆ ಪದಕವನ್ನೇ ಮಾರಬೇಕಾಯಿತು.

ನೌಕರಿಗೆ ಸೇರಿದಂದಿನಿಂದ ಕಾಡಿದ ಅನಾರೋಗ್ಯ ಕೊನೆಯವರೆಗೂ ಬಿಡಲಿಲ್ಲ. 1890ರ ಜನವರಿಯಲ್ಲಿ ಮದುವೆಯಾದರು; ಏಪ್ರಿಲ್‌ನಲ್ಲಿ ಪತ್ನಿ ತೀರಿಕೊಂಡರು. 1903ರ ಮಾರ್ಚ್ 28ರಂದು, ಪ್ಯಾರಿಸ್ ಬಳಿಯ ಸೋ ಪಟ್ಟಣದಲ್ಲಿ ಬೋಡೋ ನಿಧನರಾದಾಗ ಅವರಿಗೆ 57 ವರ್ಷ. ಅವರ ಹೆಸರು ಅಳತೆಯ ಮಾನವಾದದ್ದು 1920ರ ದಶಕದಲ್ಲಿ.