ಬೆಳ್ಳಿ ಬಟ್ಟಲಿನ ಕಣ್ಣು

ಜಗದೀಶಚಂದ್ರ ಬೋಸ್ ಎಂದೊಡನೆ ನಮಗೆಲ್ಲ ನೆನಪಾಗುವುದು ಗಿಡಗಳು. ಅವರು ಒಂದು ಕೃತಕ ಕಣ್ಣನ್ನೂ ಮಾಡಿದ್ದರೆಂದು ನನಗೆ ತಿಳಿದದ್ದು ಈ ವರ್ಷ, ಫೋಟೋಡಯೋಡ್ ಪಾಠದ ಜೊತೆಗೆ ಓದುವಾಗ.

1858ರಲ್ಲಿ ಬಂಗಾಳದಲ್ಲಿ ಹುಟ್ಟಿದ ಬೋಸರನ್ನು ತಂದೆ ಮೊದಲು ಬಂಗಾಳಿ ಶಾಲೆಗೇ ಸೇರಿಸಿದರು. ಅಲ್ಲಿ ಒಂದು ಬದಿಗೆ ಮೀನುಗಾರನ ಮಗ, ಇನ್ನೊಂದು ಬದಿಗೆ ತಂದೆಯ ಮುಸ್ಲಿಂ ಸೇವಕನ ಮಗ. ಗಂಗೊಳ್ಳಿಯವನಾದ ನನಗೆ ಆ ಬೆಂಚು ಪರಿಚಿತವೆನಿಸಿತು.

1885ರಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜು ಸೇರಿದಾಗ ಭಾರತೀಯರಿಗೆ ಯುರೋಪಿಯನ್ನರಿಗಿಂತ ಕಡಿಮೆ ಸಂಬಳ. ಬೋಸ್ ಮೂರು ವರ್ಷ ಪಾಠ ಮಾಡಿದರು, ಸಂಬಳ ಮುಟ್ಟಲಿಲ್ಲ. ಕೊನೆಗೆ ಬಾಕಿ ಸಹಿತ ಪೂರ್ತಿ ಸಿಕ್ಕಿತು.

ಆ ಕಣ್ಣು ಹೀಗಿತ್ತು: ಬೆಳ್ಳಿಯ ಕಡ್ಡಿಯನ್ನು ಬಡಿದು ಪುಟ್ಟ ಬಟ್ಟಲು ಮಾಡಿ, ಒಳಮೈಗೆ ಬ್ರೋಮಿನ್ ಆವಿ ಹಿಡಿಸಿದರು. (ಬ್ರೋಮಿನ್ ಎಂದರೆ ನಮ್ಮ ಲ್ಯಾಬಿನಲ್ಲಿ ಹಿಂದೆ ಸರಿಯುವವರೇ ಹೆಚ್ಚು!) ನೀರು ತುಂಬಿ ಗ್ಯಾಲ್ವನೋಮೀಟರಿಗೆ ಜೋಡಿಸಿದರು. ಬೆಳಕು ಬಿದ್ದರೆ ವಿದ್ಯುತ್ ಹರಿಯುತ್ತಿತ್ತು. ಕಪ್ಪೆಯ ಅಕ್ಷಿಪಟಲವೂ ಬೆಳಕಿಗೆ ವಿದ್ಯುತ್ತಿನಿಂದಲೇ ಸ್ಪಂದಿಸುತ್ತದೆ. ಎರಡನ್ನೂ ಅವರು 1902ರ ಪುಸ್ತಕದಲ್ಲಿ ಹೋಲಿಸಿದರು. ಗೆಲೀನಾ ಎಂಬ ಸೀಸದ ಅದಿರಿನಿಂದ ಮಾಡಿದ ಇನ್ನೊಂದು ಸಾಧನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಬಂತು. ಅದರಿಂದ ಅವರು ಹಣ ಮಾಡಲೇ ಇಲ್ಲ.

ಬಟ್ಟಲಿನ ಕಣ್ಣಿನಿಂದ ಯಾರಿಗೂ ದೃಷ್ಟಿ ಬರಲಿಲ್ಲ. ವಿದ್ಯುತ್ ಗ್ಯಾಲ್ವನೋಮೀಟರಿನಲ್ಲೇ ನಿಂತಿತು. ಆದರೆ ಬೆಳಕು ಹಿಡಿಯುವ ಕೋಶಗಳು ಸತ್ತ ಕಣ್ಣಿನಲ್ಲೂ ಒಳಗಿನ ನರಕೋಶಗಳು ಬದುಕಿರುವುದುಂಟು. ಇಂದಿನ ‘ಪ್ರಿಮಾ’ ಚಿಪ್ ವಿದ್ಯುತ್ತನ್ನು ಅವುಗಳಿಗೆ ದಾಟಿಸುತ್ತದೆ: 2 ಮಿಲಿಮೀಟರ್ ಅಗಲದಲ್ಲಿ 378 ಬೆಳಕಿನ ಕೋಶಗಳು. ಚಿಪ್‌ಗೆ ತಂತಿಯಿಲ್ಲ, ಬ್ಯಾಟರಿಯಿಲ್ಲ. ವಿಶೇಷ ಕನ್ನಡಕ ಬೀರುವ ಅವಕೆಂಪು ಕಿರಣವೇ ಶಕ್ತಿ.

ಬೋಸ್ 1917ರಲ್ಲಿ ಕಲ್ಕತ್ತದಲ್ಲಿ ಸ್ವಂತ ಸಂಶೋಧನಾಲಯ ಕಟ್ಟಿದರು. ತೀರಿಕೊಂಡದ್ದು 1937ರಲ್ಲಿ, ಗಿರಿಡಿಯಲ್ಲಿ.